ಇಂಧನದ ಶಾಖವನ್ನು ಅಳೆಯುವ ಬಗೆ

ಅಂಗಡಿಯಲ್ಲಿ ನಾವು ಅಕ್ಕಿಯನ್ನು ತೂಕದಿಂದಲೂ, ಹಾಲನ್ನು ಅಳತೆಯಿಂದಲೂ, ಬಟ್ಟೆಯನ್ನು ಉದ್ದದಿಂದಲೂ ಕೊಳ್ಳುತ್ತೇವೆ. ಕೊಂಡ ಪದಾರ್ಥ ಯಾವುದೋ ನಮಗೆ ಬೇಕಾದದ್ದೂ ಅದೇ. ಇಂಧನದ ವಿಚಾರ ಹಾಗಲ್ಲ. ಸೌದೆಯನ್ನು ತೂಕದ ಮೇಲೆ, ಪೆಟ್ರೋಲನ್ನು ಲೀಟರಿನ ಮೇಲೆ ಕೊಳ್ಳುವ ನಮಗೆ ನಿಜವಾಗಿ ಬೇಕಾದದ್ದು ಸೌದೆಯೂ ಅಲ್ಲ, ಪೆಟ್ರೋಲೂ ಅಲ್ಲ. ಅವು ಉರಿದಾಗ ಹೊರಬೀಳುವ ಶಾಖ. ತಕ್ಕಡಿಯ ಒಂದು ತಟ್ಟೆಯಲ್ಲಿ ಶಾಖವನ್ನಿಟ್ಟು ತೂಗುವ ಹಾಗಿಲ್ಲ. ಆದುದರಿಂದ ಮಾರುವವನು ಒಂದನ್ನು ಅಳೆದು ಕೊಡುತ್ತಾನೆ, ಕೊಳ್ಳುವವನು ಮತ್ತೊಂದನ್ನು ಬಯಸಿ ಹಣ ತೆರುತ್ತಾನೆ. ಈ ಎರಡರ ನಡುವಣ ಅಂತರವನ್ನು ತುಂಬುವುದಕ್ಕಾಗಿ ಸುಮಾರು ಎರಡೂವರೆ ಶತಮಾನಗಳಿಂದ ವಿಜ್ಞಾನಿಗಳು ಪಟ್ಟ ಶ್ರಮವೇ ಈ ದಿನ ನಮ್ಮ ವಿಷಯ. ಗೃಹಿಣಿಯ ಸೌದೆಯಿಂದ ಹಿಡಿದು ನಮ್ಮ ನಗರಗಳಿಗೆ ಬೆಳಕು ಕೊಡುವ ವಿದ್ಯುತ್ ಸ್ಥಾವರದ ಕಲ್ಲಿದ್ದಲಿನವರೆಗೆ ಅದರ ಸಂಬಂಧವುಂಟು.

ಮೊದಲು ಎರಡು ಮಾತುಗಳನ್ನು ಬೇರೆ ಬೇರೆಯಾಗಿ ತಿಳಿದುಕೊಳ್ಳಬೇಕು. ಉಷ್ಣತೆ ಬೇರೆ, ಶಾಖ ಬೇರೆ. ಒಂದು ಲೋಟ ಕುದಿಯುವ ನೀರಿಗೂ ಒಂದು ಹಂಡೆ ಕುದಿಯುವ ನೀರಿಗೂ ಉಷ್ಣತೆ ಒಂದೇ. ಥರ್ಮಾಮೀಟರು ಎರಡರಲ್ಲಿಯೂ 100 ಡಿಗ್ರಿಯನ್ನೇ ತೋರಿಸುತ್ತದೆ. ಆದರೆ ಲೋಟದ ನೀರನ್ನು ಕುದಿಸಲು ಒಂದು ಹಿಡಿ ಪುಳ್ಳೆ ಸಾಕು, ಹಂಡೆಗೆ ಒಂದು ಹೊರೆ ಸೌದೆ ಬೇಕು. ಆ ಹೊರೆಯಿಂದ ನೀರಿಗೆ ಬಂದು ಸೇರಿದ್ದು ಶಾಖ. ಒಂದು ಗ್ರಾಮು ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು ಬೇಕಾದ ಶಾಖಕ್ಕೆ ಕ್ಯಾಲೊರಿ ಎಂದು ಹೆಸರು. ಒಂದು ಕಿಲೋಗ್ರಾಮು ನೀರಿಗೆ ಬೇಕಾದದ್ದು ಕಿಲೋ ಕ್ಯಾಲೊರಿ. ಇಂದಿನ ವಿಜ್ಞಾನ ಗ್ರಂಥಗಳು ಜೂಲ್ ಎಂಬ ಮಾನವನ್ನೇ ಬಳಸುತ್ತವಾದರೂ ಕಲ್ಲಿದ್ದಲಿನ ವ್ಯಾಪಾರ ಇನ್ನೂ ಕ್ಯಾಲೊರಿಯನ್ನು ಬಿಟ್ಟಿಲ್ಲ. ನಾವೂ ಅದನ್ನೇ ಹಿಡಿದು ನಡೆಯೋಣ.

ಶಾಖವನ್ನು ಮೊಟ್ಟಮೊದಲು ಅಚ್ಚುಕಟ್ಟಾಗಿ ಅಳೆದವರಲ್ಲಿ ಪ್ಯಾರಿಸ್ ನಗರದ ಲವಾಸಿಯೇ ಮತ್ತು ಲಪ್ಲಾಸ್ ಮುಖ್ಯರು. ಒಬ್ಬನು ರಸಾಯನಶಾಸ್ತ್ರಜ್ಞ, ಇನ್ನೊಬ್ಬನು ಗಣಿತಜ್ಞ. 1782-83ರ ಚಳಿಗಾಲದಲ್ಲಿ ಅವರು ರಚಿಸಿದ ಉಪಕರಣದಲ್ಲಿ ಥರ್ಮಾಮೀಟರಿನ ಏರಿಳಿತವನ್ನು ನೋಡುವ ಅಗತ್ಯವೇ ಇರಲಿಲ್ಲ. ಮಂಜುಗಡ್ಡೆ ಕರಗುವಾಗ ಅದರ ಉಷ್ಣತೆ ಏರದೆ ಶಾಖ ಅದರಲ್ಲಿ ಅಡಗಿಹೋಗುತ್ತದೆ ಎಂಬುದನ್ನು ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಆಗಲೇ ತೋರಿಸಿಕೊಟ್ಟಿದ್ದನು. ಒಂದು ಗ್ರಾಮು ಮಂಜು ಕರಗಲು ಸುಮಾರು 80 ಕ್ಯಾಲೊರಿ ಬೇಕು. ಹಾಗಿದ್ದರೆ ಕರಗಿದ ನೀರನ್ನು ತೂಗಿದರೆ ಶಾಖವನ್ನು ತೂಗಿದಂತೆಯೇ ಆಯಿತು! ಒಂದರೊಳಗೊಂದರಂತೆ ಮೂರು ಪಾತ್ರೆಗಳು. ತೀರ ಒಳಗಿನದು ತಂತಿಯ ಬುಟ್ಟಿ. ಉರಿಯುವ ವಸ್ತು ಅದರಲ್ಲಿ. ಅದರ ಸುತ್ತಣ ಪಾತ್ರೆಯ ತುಂಬ ಮಂಜುಗಡ್ಡೆಯ ಚೂರು. ಕರಗಿದ ನೀರು ಕೆಳಗಿನ ನಲ್ಲಿಯಿಂದ ಇಳಿದುಬರುತ್ತದೆ. ಎಲ್ಲಕ್ಕೂ ಹೊರಗಿನ ಪಾತ್ರೆಯಲ್ಲಿಯೂ ಮಂಜೇ ಉಂಟು. ಆದರೆ ಅದರ ನೀರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೋಣೆಯ ಬೆಚ್ಚನೆಯ ಗಾಳಿ ಒಳಗಿನ ಮಂಜನ್ನು ಮುಟ್ಟದಂತೆ ತಡೆಯುವ ಕಾವಲುಗಾರ ಅದು.

ಈ ಪಾತ್ರೆಯಲ್ಲಿ ಅವರು ಇದ್ದಿಲನ್ನು ಉರಿಸಿದರು, ಗಿನಿ ಹಂದಿಯೊಂದನ್ನೂ ಕೂಡಿಸಿ ಅದರ ಮೈಶಾಖಕ್ಕೆ ಎಷ್ಟು ಮಂಜು ಕರಗಿತೆಂದು ನೋಡಿದರು. ಉಸಿರಾಟವೂ ಒಂದು ಬಗೆಯ ನಿಧಾನವಾದ ದಹನವೆಂಬ ದೊಡ್ಡ ಮಾತು ಹೊರಟದ್ದು ಈ ಪ್ರಯೋಗದಿಂದ. 1789ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಲವಾಸಿಯೇ ಕೊಟ್ಟಿರುವ ಲೆಕ್ಕದಂತೆ ಒಂದು ಪೌಂಡು ಇದ್ದಿಲು ಉರಿದರೆ ತೊಂಬತ್ತಾರೂವರೆ ಪೌಂಡು ಮಂಜು ಕರಗುತ್ತದೆ. ಇದನ್ನು ನಮ್ಮ ಮಾನಕ್ಕೆ ತಿರುಗಿಸಿದರೆ ಗ್ರಾಮಿಗೆ ಸುಮಾರು 7,700 ಕ್ಯಾಲೊರಿಯಾಗುತ್ತದೆ. ಶುದ್ಧ ಇಂಗಾಲಕ್ಕೆ ಇಂದು ಒಪ್ಪಿರುವ ಬೆಲೆ ಸುಮಾರು 7,830. ಮಂಜು, ತಕ್ಕಡಿ, ತಾಳ್ಮೆ ಇವಿಷ್ಟರಿಂದ ಬಂದ ಈ ನಿಖರತೆಯನ್ನು ಕಂಡು ಬೆರಗಾಗದವರಾರು? ಅದೇ ಗ್ರಂಥದಲ್ಲಿ ಜಲಜನಕಕ್ಕೆ ಕೊಟ್ಟ ಬೆಲೆ ಮಾತ್ರ 295 ಪೌಂಡು ಚಿಲ್ಲರೆ, ಎಂದರೆ 24,000 ಕ್ಯಾಲೊರಿಗೂ ಒಳಗೆ. ನಿಜವಾದದ್ದು 34,000ಕ್ಕೆ ಹತ್ತಿರ. ಒಂದರಲ್ಲಿ ಅಷ್ಟು ಸರಿಯಾದ ಉಪಕರಣ ಇನ್ನೊಂದರಲ್ಲಿ ಇಷ್ಟು ತಪ್ಪಿದೆ. ಉಪಕರಣದಲ್ಲಿ ದೋಷಗಳೂ ಇದ್ದುವು. ಕರಗಿದ ನೀರೆಲ್ಲ ನಲ್ಲಿಗೆ ಇಳಿದುಬರದೆ ಒಂದಷ್ಟು ಮಂಜಿನ ಚೂರುಗಳ ಸಂದಿನಲ್ಲಿಯೇ ಅಂಟಿಕೊಂಡು ನಿಲ್ಲುತ್ತಿತ್ತು. ಕೋಣೆ ತಣ್ಣಗಿದ್ದ ದಿನಗಳನ್ನು ಬಿಟ್ಟರೆ ಪ್ರಯೋಗ ನಡೆಸುವಂತೆಯೇ ಇರಲಿಲ್ಲ. ನಮ್ಮ ಸೀಮೆಯ ಹವೆಯಲ್ಲಿ ಆ ವಿಧಾನ ಹುಟ್ಟುತ್ತಲೇ ಇರಲಿಲ್ಲವೆಂದು ತೋರುತ್ತದೆ. ಲವಾಸಿಯೇಯ ಕೆಲಸವೂ ಮುಂದುವರಿಯಲಿಲ್ಲ. 1794ರಲ್ಲಿ ಫ್ರಾನ್ಸಿನ ಕ್ರಾಂತಿ ಅವನ ತಲೆಯನ್ನು ತೆಗೆದುಕೊಂಡಿತು.

ಮಂಜನ್ನು ಬಿಟ್ಟು ನೀರನ್ನು ಹಿಡಿದವರಲ್ಲಿ ಕೌಂಟ್ ರಮ್‌ಫರ್ಡ್ ಎಂಬಾತನನ್ನು ಹೆಸರಿಸಲೇಬೇಕು. ಅಮೆರಿಕದಲ್ಲಿ ಹುಟ್ಟಿ, ಬವೇರಿಯದಲ್ಲಿ ಅಧಿಕಾರ ನಡೆಸಿ, ಫ್ರಾನ್ಸಿನಲ್ಲಿ ಕೊನೆಗಂಡ ಈತನಿಗೆ ಒಲೆ, ಅಗ್ಗಿಷ್ಟಿಕೆ, ಅಡುಗೆಮನೆಗಳೆಂದರೆ ಬಲು ಆಸಕ್ತಿ. 1812ರ ಹೊತ್ತಿಗೆ ಆತ ಬಳಸಿದ ಉಪಕರಣ ತಾಮ್ರದ ನೀರಿನ ಪೆಟ್ಟಿಗೆ. ಅದರೊಳಗೆ ಸುರುಳಿಯಾಗಿ ಹಾಯುವ ಕೊಳವೆ. ಕೊಳವೆಯ ಬಾಯಲ್ಲಿ ಮೇಣದ ಬತ್ತಿಯನ್ನೋ ಮರದ ಹೊಟ್ಟನ್ನೋ ಉರಿಸಿದರೆ ಬಿಸಿಯಾದ ಹೊಗೆ ಸುರುಳಿಯಲ್ಲಿ ಹಾಯ್ದು ತನ್ನ ಶಾಖವನ್ನು ನೀರಿಗೆ ಒಪ್ಪಿಸಿ ಹೋಗುತ್ತದೆ. ಇಲ್ಲಿ ಒಂದು ಜಾಣತನವುಂಟು. ಪೆಟ್ಟಿಗೆಯ ನೀರು ಕೋಣೆಗಿಂತ ಬಿಸಿಯಾದೊಡನೆ ಶಾಖ ಹೊರಕ್ಕೆ ಸೋರತೊಡಗುತ್ತದಷ್ಟೆ. ಅದಕ್ಕಾಗಿ ರಮ್‌ಫರ್ಡನು ಪ್ರಯೋಗದ ಕೊನೆಯಲ್ಲಿ ನೀರು ಕೋಣೆಗಿಂತ ಎಷ್ಟು ಡಿಗ್ರಿ ಮೇಲಿರುವುದೋ ಆರಂಭದಲ್ಲಿ ಅಷ್ಟೇ ಡಿಗ್ರಿ ಕೆಳಗಿರುವಂತೆ ಏರ್ಪಡಿಸಿದನು. ಮೊದಲ ಅರ್ಧದಲ್ಲಿ ಕೋಣೆ ನೀರಿಗೆ ಕೊಟ್ಟದ್ದನ್ನು ಎರಡನೆಯ ಅರ್ಧದಲ್ಲಿ ನೀರು ಕೋಣೆಗೆ ಹಿಂದಿರುಗಿಸುತ್ತದೆ. ಜಮಾ ಖರ್ಚು ಸರಿಹೋಗುತ್ತದೆ. ಈ ಉಪಾಯ ಮುಂದೆ ಬಹುಕಾಲ ಪ್ರಯೋಗಶಾಲೆಗಳಲ್ಲಿ ಉಳಿದುಬಂತು.

1852ರಲ್ಲಿ ಫಾವ್ರ್ ಮತ್ತು ಜಿಲ್ಬರ್‌ಮಾನ್ ಎಂಬವರು ಇಂಧನವನ್ನು ನೀರಿನಲ್ಲಿ ಮುಳುಗಿಸಿದ ಪಾತ್ರೆಯೊಳಗೆ ಆಮ್ಲಜನಕದ ಪ್ರವಾಹದಲ್ಲಿ ಉರಿಸಿ ಪ್ರಕಟಿಸಿದ ಅಂಕಿಗಳು, ಇದ್ದಿಲಿಗೆ 8,080, ಜಲಜನಕಕ್ಕೆ 34,462, ಬಹಳ ಕಾಲ ಇಂಜಿನಿಯರುಗಳ ಕೈಪಿಡಿಗಳಲ್ಲಿ ವೇದವಾಕ್ಯದಂತೆ ನಿಂತುವು. ಆದರೂ ಒಂದು ತೊಡಕು ಹಾಗೆಯೇ ಉಳಿದಿತ್ತು. ವಸ್ತು ಪೂರ್ತಿಯಾಗಿ ಉರಿಯಿತೆಂದು ಹೇಗೆ ನಂಬುವುದು? ಇಂಗಾಲ ಪೂರ್ಣವಾಗಿ ಉರಿದರೆ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಗಾಳಿ ಸಾಲದೆ ಅರ್ಧಂಬರ್ಧ ಉರಿದರೆ ವಿಷದ ಅನಿಲವಾದ ಇಂಗಾಲದ ಮೊನಾಕ್ಸೈಡ್ ಆಗಿ ನಿಲ್ಲುತ್ತದೆ. ಹೀಗೆ ನಿಂತರೆ ಹೊರಬರುವ ಶಾಖ ಪೂರ್ಣ ಶಾಖದಲ್ಲಿ ನೂರಕ್ಕೆ 28 ಪಾಲು ಮಾತ್ರ. ಮಿಕ್ಕ 72 ಪಾಲು ಆ ಅನಿಲದಲ್ಲಿ ಅಡಗಿ ಹೊಗೆಯೊಡನೆ ಹೊರಟುಹೋಗುತ್ತದೆ. ಅಂದರೆ ಎಲ್ಲೋ ಸ್ವಲ್ಪ ಹೊಗೆ ತಪ್ಪಿಸಿಕೊಂಡರೂ ಅಳತೆ ದೊಡ್ಡದಾಗಿ ಕೆಡುತ್ತದೆ.

ಈ ತೊಡಕನ್ನು ಬಿಡಿಸಿದವನು ಪ್ಯಾರಿಸ್ಸಿನ ಬೆರ್ತೆಲೋ. ಹೊಗೆ ತಪ್ಪಿಸಿಕೊಳ್ಳುವುದಕ್ಕೆ ದಾರಿಯೇ ಇಲ್ಲದಂತೆ ಮಾಡಿದರಾಯಿತು ಎಂಬುದು ಅವನ ಯುಕ್ತಿ. ದಪ್ಪನೆಯ ಉಕ್ಕಿನ ಸಣ್ಣ ಪಾತ್ರೆ, ತಿರುಪಿನಿಂದ ಬಿಗಿದ ಮುಚ್ಚಳ, ಒಳಗೆ ಇಂಧನ, ಅದರ ಮೇಲೆ ಒತ್ತಿ ತುಂಬಿದ ಶುದ್ಧ ಆಮ್ಲಜನಕ. ಕಿಡಿ ಮುಟ್ಟಿಸಿದರೆ ಕ್ಷಣಮಾತ್ರದಲ್ಲಿ ಎಲ್ಲವೂ ಉರಿದು ಮುಗಿಯುತ್ತದೆ. ಏನೂ ಹೊರಬರುವುದಿಲ್ಲ, ಶಾಖವೊಂದನ್ನು ಬಿಟ್ಟು. ಈ ಪಾತ್ರೆಗೆ ಬಾಂಬ್ ಎಂದೇ ಹೆಸರಾಯಿತು. ಸಿಡಿಯದಿರುವುದೇ ಇದರ ಗುಣವಾದ್ದರಿಂದ ಹೆಸರು ಸ್ವಲ್ಪ ವಿಪರೀತವೇ ಸರಿ. ಆದರೂ ಪೂರ್ತಿ ಅಕಾರಣವಲ್ಲ. ಬೆರ್ತೆಲೋವಿನ ಜತೆಯಲ್ಲಿ ದುಡಿದ ವಿಯೇಯ್ ಎಂಬಾತನು ಹೊಗೆಯಿಲ್ಲದ ಕೋವಿಮದ್ದನ್ನು ಕಂಡುಹಿಡಿದವನೇ ಆಗಿದ್ದನು. ಇಬ್ಬರಿಗೂ ಸ್ಫೋಟಕಗಳ ಪರಿಚಯ ಚೆನ್ನಾಗಿತ್ತು. ಪಾತ್ರೆಯ ಒಳಮೈ ಆಮ್ಲಗಳಿಂದ ಕೆಡಬಾರದೆಂದು ಅವರು ಪ್ಲಾಟಿನಮ್ಮನ್ನು ಹೊದಿಸಿದರು. ಅದರ ಬೆಲೆಯನ್ನು ಕೇಳಿ ಎಷ್ಟು ಕಾರ್ಖಾನೆಯವರು ಕೈಮುಗಿದಿರಬೇಕು! 1892ರಲ್ಲಿ ಪಿಯೆರ್ ಮಾಲೆರ್ ಎಂಬ ಗಣಿ ಇಂಜಿನಿಯರು ಪ್ಲಾಟಿನಮ್ಮಿನ ಬದಲು ಎನಾಮಲ್ಲನ್ನು ಬಳಿಸಿದ ಮೇಲೆಯೇ ಬಾಂಬು ಪಂಡಿತರ ಕೈಯಿಂದ ಕಲ್ಲಿದ್ದಲಿನ ವ್ಯಾಪಾರಕ್ಕೆ ಇಳಿದುಬಂದದ್ದು.

ಇಂದಿನ ಪ್ರಯೋಗಶಾಲೆಯಲ್ಲಿ ಈ ಕೆಲಸ ನಡೆಯುವ ರೀತಿಯನ್ನು ನೋಡೋಣ. ನುಣ್ಣಗೆ ಅರೆದ ಕಲ್ಲಿದ್ದಲಿನ ಪುಡಿಯನ್ನು ಸುಮಾರು ಒಂದು ಗ್ರಾಮಿನಷ್ಟು ತೂಗಿ ಪುಟ್ಟ ಬಟ್ಟಲಲ್ಲಿಡುತ್ತಾರೆ. ಕೂದಲೆಳೆಯಂಥ ಒಂದು ತಂತಿ ಅದನ್ನು ಮುಟ್ಟಿಕೊಂಡಿರುತ್ತದೆ. ಬಾಂಬಿನ ಮುಚ್ಚಳ ಬಿಗಿದು, ವಾತಾವರಣದ ಒತ್ತಡಕ್ಕೆ 25ರಿಂದ 30ರಷ್ಟು ಮಡಿ ಒತ್ತಡದಲ್ಲಿ ಆಮ್ಲಜನಕ ತುಂಬಿ, ಸುಮಾರು ಎರಡು ಲೀಟರು ನೀರಿರುವ ಪಾತ್ರೆಯಲ್ಲಿ ಮುಳುಗಿಸುತ್ತಾರೆ. ನೀರನ್ನು ಒಂದು ಕಡ್ಡಿ ಸದಾ ಕದಡುತ್ತಿರುತ್ತದೆ. ವಿದ್ಯುತ್ತು ಹರಿದೊಡನೆ ತಂತಿ ಕೆಂಪಾಗಿ ಇಂಧನಕ್ಕೆ ಹೊತ್ತಿಸುತ್ತದೆ. ನೋಡುವವನಿಗೆ ಜ್ವಾಲೆಯಿಲ್ಲ, ಶಬ್ದವಿಲ್ಲ. ಥರ್ಮಾಮೀಟರಿನ ಅಂಕೆ ಮಾತ್ರ ಮೆಲ್ಲಮೆಲ್ಲನೆ ಏರಿ ಕೆಲವು ನಿಮಿಷಗಳಲ್ಲಿ ನಿಲ್ಲುತ್ತದೆ. ಎಲ್ಲ ಸೇರಿ ಏರುವುದು ಒಂದೆರಡು ಡಿಗ್ರಿ. ಅದನ್ನು ಡಿಗ್ರಿಯ ಸಾವಿರದ ಒಂದು ಪಾಲಿನವರೆಗೆ ಓದುತ್ತಾರೆ.

ಎರಡು ಲೀಟರು ನೀರು ಒಂದೂವರೆ ಡಿಗ್ರಿ ಏರಿದರೆ ಶಾಖ 3,000 ಕ್ಯಾಲೊರಿ ತಾನೆ ಎಂದು ಕೇಳಬಹುದು. ಹಾಗಲ್ಲ; ಬಾಂಬಿನ ಉಕ್ಕೂ ಪಾತ್ರೆಯ ಲೋಹವೂ ಕದಡುವ ಕಡ್ಡಿಯೂ ಬಿಸಿಯಾಗುತ್ತವೆ, ಅವೂ ಶಾಖವನ್ನು ಹೀರಿಕೊಂಡಿವೆ. ಅವೆಲ್ಲವನ್ನೂ ಬೇರೆ ಬೇರೆಯಾಗಿ ಲೆಕ್ಕ ಹಾಕುವ ಗೋಜಿಗೆ ಯಾರೂ ಹೋಗುವುದಿಲ್ಲ. ಇದಕ್ಕೆ ಬೇರೊಂದು ದಾರಿಯುಂಟು, ಮತ್ತು ಈ ವಿದ್ಯೆಯ ಮರ್ಮವೆಲ್ಲ ಅದರಲ್ಲಿಯೇ ಇದೆ ಎಂದು ನಮ್ಮ ಅಭಿಪ್ರಾಯ. ಬೆಂಜೋಯಿಕ್ ಆಮ್ಲವೆಂಬ ಬಿಳಿಯ ಪುಡಿಯನ್ನು ಬಹು ಶುದ್ಧವಾಗಿ ತಯಾರಿಸಬಹುದು. ಅದು ಗಾಳಿಯ ತೇವವನ್ನು ಹೀರುವುದಿಲ್ಲ, ಹಾರಿಹೋಗುವುದಿಲ್ಲ, ಒತ್ತಿದರೆ ಗುಳಿಗೆಯಾಗಿ ನಿಲ್ಲುತ್ತದೆ. ಅದರ ಒಂದು ಗ್ರಾಮು ಬಾಂಬಿನಲ್ಲಿ ಉರಿದಾಗ ಬರುವ ಶಾಖವನ್ನು ರಾಷ್ಟ್ರೀಯ ಮಾನಕ ಸಂಸ್ಥೆಗಳು ಅತ್ಯಂತ ಎಚ್ಚರಿಕೆಯಿಂದ ಗೊತ್ತುಪಡಿಸಿವೆ: ಸುಮಾರು 6,318 ಕ್ಯಾಲೊರಿ. ನಮ್ಮ ಬಾಂಬಿನಲ್ಲಿ ಅದನ್ನು ಉರಿಸಿದಾಗ ಉಷ್ಣತೆ 2.632 ಡಿಗ್ರಿ ಏರಿತೆಂದು ಇಟ್ಟುಕೊಳ್ಳಿ. ಭಾಗಿಸಿದರೆ ಡಿಗ್ರಿಗೆ 2,400 ಕ್ಯಾಲೊರಿ. ನೀರಿನ ಪಾಲು 2,000, ಲೋಹದ ಪಾಲು 400. ಎಲ್ಲವೂ ಒಂದೇ ಅಂಕೆಯಲ್ಲಿ ಸೇರಿಹೋಯಿತು. ಇನ್ನು ಕಲ್ಲಿದ್ದಲಿನ ಸರದಿ. ಅದರ ಒಂದು ಗ್ರಾಮಿಗೆ ಉಷ್ಣತೆ 1.6 ಡಿಗ್ರಿ ಏರಿದರೆ ಶಾಖ 3,840 ಕ್ಯಾಲೊರಿ. ಇದರಲ್ಲಿ ತಂತಿಯೇ ಉರಿದು ಕೊಟ್ಟ ಶಾಖವನ್ನೂ, ಬಾಂಬಿನೊಳಗೆ ಸಾರಜನಕ ಮತ್ತು ಗಂಧಕಗಳಿಂದ ಹುಟ್ಟಿದ ಆಮ್ಲಗಳ ಶಾಖವನ್ನೂ ಕಳೆಯಬೇಕು. ಅದು 40 ಎಂದಾದರೆ ನಿಂತದ್ದು 3,800. ಕೋಣೆಗೆ ಸೋರುವ ಶಾಖಕ್ಕೆ ಒಂದು ತಿದ್ದುಪಡಿಯುಂಟು. ಕೆಲವು ಉಪಕರಣಗಳಲ್ಲಿ ಸುತ್ತಣ ನೀರಿನ ಕವಚದ ಉಷ್ಣತೆಯೂ ಒಳಗಿನದರ ಜತೆಜತೆಗೇ ಏರುವಂತೆ ಮಾಡಿ ಸೋರಿಕೆಯನ್ನೇ ನಿಲ್ಲಿಸುತ್ತಾರೆ.

ಹೀಗೆ ಬಂದ ಅಂಕೆಗೆ ಒಟ್ಟು ಶಾಖಮೌಲ್ಯವೆಂದು ಹೆಸರು. ಪತ್ರಿಕೆಗಳಲ್ಲಿಯೂ ಜಾಹೀರಾತುಗಳಲ್ಲಿಯೂ ಇಂಧನದ ಶಾಖವನ್ನು ಕುರಿತು ಒಂದು ಅಂಕೆ ಕಂಡಾಗ ನಾವು ಮೊದಲು ಕೇಳಬೇಕಾದ ಪ್ರಶ್ನೆ ಒಂದುಂಟು: ನೀರು ಏನಾಯಿತು? ಪ್ರಶ್ನೆ ವಿಚಿತ್ರವಾಗಿ ಕಾಣಬಹುದು. ಆದರೆ ಸೌದೆ, ಎಣ್ಣೆ, ಅನಿಲ ಎಲ್ಲದರಲ್ಲಿಯೂ ಜಲಜನಕವಿದೆ. ಉರಿದಾಗ ಅದರ ಒಂದು ಗ್ರಾಮಿನಿಂದ ಒಂಬತ್ತು ಗ್ರಾಮು ನೀರು ಹುಟ್ಟುತ್ತದೆ. ಒಲೆಯಲ್ಲಿ ಈ ನೀರು ಆವಿಯಾಗಿ ಹೊಗೆಯೊಡನೆ ಹೋಗಿಬಿಡುತ್ತದೆ. ಆವಿಯಾಗಲು ಗ್ರಾಮಿಗೆ ಸುಮಾರು 585 ಕ್ಯಾಲೊರಿ ತೆಗೆದುಕೊಂಡೇ ಹೋಗುತ್ತದೆ. ಬಾಂಬಿನಲ್ಲಾದರೋ ಅದು ಓಡಿಹೋಗಲು ಎಡೆಯಿಲ್ಲ. ತಣ್ಣಗಾಗಿ ಪುನಃ ನೀರಾಗಿ ಆ ಶಾಖವನ್ನು ಹಿಂದಕ್ಕೆ ಒಪ್ಪಿಸುತ್ತದೆ. ಆದುದರಿಂದ ಬಾಂಬು ಹೇಳುವ ಅಂಕೆ ಒಲೆಗೆ ದಕ್ಕುವ ಅಂಕೆಗಿಂತ ಹೆಚ್ಚು. ನೀರಿನ ಪಾಲನ್ನು ಕಳೆದು ಉಳಿದದ್ದು ನಿವ್ವಳ ಶಾಖಮೌಲ್ಯ. ಶುದ್ಧ ಜಲಜನಕದಲ್ಲಿ ಈ ವ್ಯತ್ಯಾಸ ಎಲ್ಲಕ್ಕಿಂತ ಎದ್ದು ಕಾಣುತ್ತದೆ: ಒಟ್ಟು ಮೌಲ್ಯ 34,000ಕ್ಕೆ ಹತ್ತಿರ, ನಿವ್ವಳ 28,700ರ ಆಸುಪಾಸು. ಯೂರೋಪಿನಲ್ಲಿ ಮನೆಗಳನ್ನು ಬೆಚ್ಚಗಿಡುವ ಕೆಲವು ಬಾಯ್ಲರುಗಳ ದಕ್ಷತೆ ನೂರಕ್ಕೆ ನೂರೇಳು ಎಂದು ಮಾರುವವರು ಬರೆಯುವುದುಂಟು. ಓದಿದವರು ಇದು ಪವಾಡವೋ ವಂಚನೆಯೋ ಎಂದುಕೊಳ್ಳಬೇಕು. ಎರಡೂ ಅಲ್ಲ. ಆ ಬಾಯ್ಲರು ಹೊಗೆಯ ಆವಿಯನ್ನು ತಣಿಸಿ ಅದರ ಶಾಖವನ್ನೂ ಬಳಸಿಕೊಳ್ಳುತ್ತದೆ. ಲೆಕ್ಕ ಬರೆಯುವಾಗ ಮಾತ್ರ ಆ ಶಾಖವನ್ನು ಬಿಟ್ಟ ನಿವ್ವಳ ಮೌಲ್ಯದಿಂದ ಭಾಗಿಸುತ್ತಾರೆ.

ನಮ್ಮ ಅಜ್ಜಿಯರಿಗೆ ಈ ಹೆಸರುಗಳು ತಿಳಿಯದಿದ್ದರೂ ವಿಷಯ ಚೆನ್ನಾಗಿ ತಿಳಿದಿತ್ತು. ಮಳೆಗಾಲಕ್ಕೆ ಮುಂಚೆ ಸೌದೆಯನ್ನು ಸೀಳಿ ಒಣಗಿಸಿ ಅಟ್ಟಕ್ಕೇರಿಸಬೇಕೆಂದು ಅವರು ಮನೆಮಂದಿಯ ಬೆನ್ನು ಹತ್ತುತ್ತಿದ್ದುದು ಸುಮ್ಮನೆಯಲ್ಲ. ಚೆನ್ನಾಗಿ ಒಣಗಿದ ಒಂದು ಕಿಲೋ ಸೌದೆಯ ಒಟ್ಟು ಮೌಲ್ಯವನ್ನು 4,500 ಕಿಲೋ ಕ್ಯಾಲೊರಿ ಎಂದಿಟ್ಟುಕೊಂಡರೆ ನಿವ್ವಳ 4,200ರಷ್ಟಾಗುತ್ತದೆ. ಅದೇ ತೂಕದ ಹಸಿಸೌದೆಯಲ್ಲಿ ಅರ್ಧ ನೀರೇ ಇದ್ದರೆ? ಉರಿಯುವ ಭಾಗ ಅರ್ಧ ಕಿಲೋ, 2,250 ಕಿಲೋ ಕ್ಯಾಲೊರಿ. ಅದರಲ್ಲಿ ಸೌದೆಯೊಳಗಿನ ಅರ್ಧ ಕಿಲೋ ನೀರೂ ಉರಿದಾಗ ಹುಟ್ಟುವ ಕಾಲು ಕಿಲೋ ನೀರೂ ಆವಿಯಾಗಲು 450ನ್ನು ಕಿತ್ತುಕೊಳ್ಳುತ್ತವೆ. ನಿಲ್ಲುವುದು 1,800. ಸೌದೆ ಡಿಪೋವಿನಲ್ಲಿ ಹಸಿಸೌದೆಯನ್ನು ಒಣಸೌದೆಯ ದರಕ್ಕೆ ಕೊಂಡವರು ಕೊಟ್ಟ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ನೀರಿಗೆ ಕೊಟ್ಟಂತಾಯಿತು. ಹೊಗೆಯಿಂದ ಕಣ್ಣುರಿಯುವುದು ಪುಕ್ಕಟೆ.

ಶಾಖಮೌಲ್ಯವು ಅಡುಗೆಯ ಪಾತ್ರೆಗೆ ಸೇರಿದ ಶಾಖವಲ್ಲವೆಂಬುದನ್ನೂ ಮರೆಯಬಾರದು. ಅಡುಗೆ ಅನಿಲದ ನಿವ್ವಳ ಮೌಲ್ಯ ಕಿಲೋಗೆ 10,900ರ ಸುಮಾರು, ಮನೆಯಲ್ಲಿ ಗಾಳಿಗೆ ಒಣಗಿದ ಸೌದೆಯದು 3,800 ಎನ್ನೋಣ. ಅಂಕೆಯನ್ನು ನೋಡಿದರೆ ಒಂದು ಕಿಲೋ ಅನಿಲ ಮೂರು ಕಿಲೋ ಸೌದೆಗೆ ಸಮ. ಆದರೆ ಮೂರು ಕಲ್ಲಿನ ಒಲೆಯಲ್ಲಿ ನೂರಕ್ಕೆ 12 ಪಾಲು ಮಾತ್ರ ಪಾತ್ರೆಗೆ ಸೇರಿ, ಅನಿಲದ ಒಲೆಯಲ್ಲಿ 60 ಪಾಲು ಸೇರಿದರೆ, ಆ ಒಂದು ಕಿಲೋ ಅನಿಲ ಸುಮಾರು 14 ಕಿಲೋ ಸೌದೆಯ ಕೆಲಸ ಮಾಡುತ್ತದೆ. ಇಂಧನವನ್ನು ಬದಲಿಸದೆ ಒಲೆಯನ್ನು ತಿದ್ದಿದರೂ ಎಷ್ಟೋ ಉಳಿಸಬಹುದೆಂಬ ನಂಬಿಕೆಯಿಂದಲೇ 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದವರು ಅಸ್ತ್ರ ಒಲೆಯನ್ನು ರೂಪಿಸಿ ನಮ್ಮ ಹಳ್ಳಿಗಳಿಗೆ ಕೊಟ್ಟದ್ದು.

ವಾಹನವಿಟ್ಟುಕೊಂಡವರಿಗೂ ಒಂದು ಮಾತು. 2025ರ ಹೊತ್ತಿಗೆ ನಮ್ಮ ದೇಶದ ಪೆಟ್ರೋಲಿಗೆ ನೂರಕ್ಕೆ 20 ಪಾಲಿನಷ್ಟು ಎಥನಾಲ್ ಬೆರೆಸುವ ಮಟ್ಟ ಮುಟ್ಟಿತು. ಲೀಟರೊಂದಕ್ಕೆ ಪೆಟ್ರೋಲಿನ ನಿವ್ವಳ ಶಾಖ ಸುಮಾರು 7,650 ಕಿಲೋ ಕ್ಯಾಲೊರಿ, ಎಥನಾಲಿನದು 5,050. ಎಥನಾಲಿನ ಅಣುವಿನಲ್ಲಿ ಆಮ್ಲಜನಕ ಮೊದಲೇ ಸೇರಿಕೊಂಡಿರುವುದರಿಂದ, ಅಂದರೆ ಅದು ಒಂದಂಶ ಮೊದಲೇ ಉರಿದಿರುವಂಥ ಪದಾರ್ಥವಾದ್ದರಿಂದ, ಈ ಕೊರತೆ. ಬೆರಕೆಯ ಲೀಟರಿನಲ್ಲಿ 7,130ರಷ್ಟು ಉಳಿಯುತ್ತದೆ. ಶೇಕಡ 7ರಷ್ಟು ಕಡಮೆ. ಗಾಡಿಯ ಓಟವೂ ಅಷ್ಟೇ ಕುಗ್ಗುತ್ತದೆಂದು ಇದರಿಂದಲೇ ತೀರ್ಮಾನಿಸುವಂತಿಲ್ಲ. ಎಥನಾಲಿಗೆ ಹೊಂದುವಂತೆ ಕಟ್ಟಿದ ಇಂಜಿನು ಅದರ ಬೇರೆ ಗುಣಗಳಿಂದ ಸ್ವಲ್ಪವನ್ನು ಮರಳಿ ಸಂಪಾದಿಸಬಲ್ಲದು. ಆದರೆ ಪಂಪಿನ ಅಳತೆ ಮಾತ್ರ ಲೀಟರನ್ನೇ ಎಣಿಸುತ್ತದೆ.

ಇನ್ನು ಬಾಂಬಿನ ಅಂಕೆಯ ಮೇಲೆ ಕೋಟ್ಯಂತರ ರೂಪಾಯಿಗಳ ವ್ಯವಹಾರ ನಡೆಯುವ ಸ್ಥಳಕ್ಕೆ ಬರೋಣ. ಜಲಪಾತಗಳ ವಿದ್ಯುತ್ತನ್ನೇ ನೆಚ್ಚಿದ್ದ ನಮ್ಮ ನಾಡು ಕಲ್ಲಿದ್ದಲಿನ ಕಡೆಗೆ ತಿರುಗಿದ್ದು 1985ರಲ್ಲಿ, ಕೃಷ್ಣೆಯ ದಡದಲ್ಲಿ ರಾಯಚೂರಿನ ಶಾಖೋತ್ಪನ್ನ ಸ್ಥಾವರದ ಮೊದಲ ಘಟಕ ನಡೆಯತೊಡಗಿದಾಗ. ಕರ್ನಾಟಕದಲ್ಲಿ ಕಲ್ಲಿದ್ದಲಿನ ಗಣಿಯಿಲ್ಲ. ಸಿಂಗರೇಣಿ ಮೊದಲಾದ ದೂರದ ಗಣಿಗಳಿಂದ ಅದು ರೈಲಿನಲ್ಲಿ ಬರಬೇಕು. ಆಗ ದೇಶದಲ್ಲಿ ಕಲ್ಲಿದ್ದಲಿನ ದರ್ಜೆಯನ್ನು ಬಾಂಬಿನಿಂದ ನಿರ್ಣಯಿಸುತ್ತಿರಲಿಲ್ಲ. ಉಪಯುಕ್ತ ಶಾಖಮೌಲ್ಯವೆಂಬ ಒಂದು ಸೂತ್ರವಿತ್ತು: ಕಲ್ಲಿದ್ದಲಿನ ಬೂದಿಯ ಶೇಕಡಾವಾರನ್ನೂ ತೇವದ ಶೇಕಡಾವಾರನ್ನೂ ಕೂಡಿ, 138ರಿಂದ ಗುಣಿಸಿ, 8,900ರಿಂದ ಕಳೆಯುವುದು. ಕುಲುಮೆಯೂ ತಕ್ಕಡಿಯೂ ಇದ್ದರೆ ಸಾಕು, ಬಾಂಬು ಬೇಡ. ಅನುಕೂಲವೇನೋ ಸರಿ, ಆದರೆ ಅದು ಅಳತೆಯಲ್ಲ, ಅಂದಾಜು. ಬೂದಿ ತೇವಗಳೆರಡೂ ಸೇರಿ ಶೇಕಡ 40 ಇದ್ದರೆ ಮೌಲ್ಯ 3,380, ದರ್ಜೆ ಇ. ಶೇಕಡ 41 ಆದರೆ ಮೌಲ್ಯ 3,242, ದರ್ಜೆ ಎಫ್. ಶೇಕಡ ಒಂದರ ವ್ಯತ್ಯಾಸಕ್ಕೆ ದರ್ಜೆ ಕುಸಿಯುತ್ತಿತ್ತು. ಅದೇ ಇ ದರ್ಜೆಯೊಳಗೆ 3,361ರಿಂದ 4,200ರವರೆಗಿನ ಬೇರೆ ಬೇರೆ ಯೋಗ್ಯತೆಯ ಕಲ್ಲಿದ್ದಲಿಗೆಲ್ಲ ಒಂದೇ ಹೆಸರು. 2012ರ ಜನವರಿಯಲ್ಲಿ ಈ ಪದ್ಧತಿಯನ್ನು ಬಿಟ್ಟು ಒಟ್ಟು ಶಾಖಮೌಲ್ಯದ ಪದ್ಧತಿಯನ್ನು ತಂದರು. ಈಗ ದರ್ಜೆಗಳು ಹದಿನೇಳು. ಮೊದಲನೆಯದು 7,000ಕ್ಕೆ ಮೇಲ್ಪಟ್ಟದ್ದು, ಮಿಕ್ಕವು ಒಂದೊಂದೂ 300 ಕಿಲೋ ಕ್ಯಾಲೊರಿಯ ಮೆಟ್ಟಿಲು.

ಮುನ್ನೂರು ಕಿಲೋ ಕ್ಯಾಲೊರಿಯೆಂದರೆ ಎಷ್ಟು? ನಾವು ಮೇಲೆ ವರ್ಣಿಸಿದ ಬಾಂಬಿನ ಥರ್ಮಾಮೀಟರಿನಲ್ಲಿ ಡಿಗ್ರಿಯ ಎಂಟನೆಯ ಒಂದು ಪಾಲು. ಸ್ಥಾವರದಲ್ಲಿ? ಒಂದು ಯೂನಿಟ್ಟು ವಿದ್ಯುತ್ತಿಗೆ 2,500 ಕಿಲೋ ಕ್ಯಾಲೊರಿ ಬೇಡುವ ಯಂತ್ರಕ್ಕೆ 3,800ರ ಕಲ್ಲಿದ್ದಲಾದರೆ 658 ಗ್ರಾಮು ಸಾಕು. 3,500ರದಾದರೆ 714 ಗ್ರಾಮು ಬೇಕು. ಒಂದು ಕೋಟಿ ಯೂನಿಟ್ಟಿಗೆ ಸುಮಾರು 560 ಟನ್ನು ಹೆಚ್ಚು. ಅದರ ಬೆಲೆ, ಅದರ ರೈಲು ಬಾಡಿಗೆ, ಅದರ ಬೂದಿಯನ್ನು ಸಾಗಿಸುವ ವೆಚ್ಚ ಇವೆಲ್ಲ ಕೊನೆಗೆ ಬಂದು ನಿಲ್ಲುವುದು ನಮ್ಮ ನಿಮ್ಮ ಮನೆಯ ಬಿಲ್ಲಿನಲ್ಲಿಯೇ.

ಹೀಗಿರುವಾಗ ಬಾಂಬಿನ ನಿಖರತೆಗಿಂತ ದೊಡ್ಡ ಪ್ರಶ್ನೆ ಬೇರೊಂದುಂಟು. ಒಂದು ರೈಲು ಸುಮಾರು 4,000 ಟನ್ನು ಕಲ್ಲಿದ್ದಲು ತರುತ್ತದೆ. ಬಾಂಬಿನೊಳಗೆ ಹೋಗುವುದು ಒಂದು ಗ್ರಾಮು. ನಾನೂರು ಕೋಟಿಯಲ್ಲಿ ಒಂದು ಪಾಲು! ಅನ್ನವಾಯಿತೇ ಎಂದು ನೋಡಲು ಒಂದು ಅಗುಳನ್ನು ಹಿಸುಕುವುದು ನಮ್ಮ ಅಡುಗೆಮನೆಯ ಪದ್ಧತಿ. ಅಗುಳುಗಳೆಲ್ಲ ಒಂದೇ ತೆರನಾದ್ದರಿಂದ ಅಲ್ಲಿ ಅದು ಸಲ್ಲುತ್ತದೆ. ಕಲ್ಲಿದ್ದಲು ಹಾಗಲ್ಲ, ಒಂದೇ ವ್ಯಾಗನ್ನಿನಲ್ಲಿ ಹೊಳೆಯುವ ಗಟ್ಟಿಯೂ ಇರುತ್ತದೆ, ಬರಿಯ ಕಲ್ಲೂ ಇರುತ್ತದೆ. ಆದುದರಿಂದ ಹಲವು ವ್ಯಾಗನ್ನುಗಳಿಂದ ಬೇರೆ ಬೇರೆ ಜಾಗಗಳಲ್ಲಿ ತೆಗೆದ ರಾಶಿಯನ್ನು ಜಜ್ಜಿ, ಬೆರೆಸಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡನ್ನು ಉಳಿಸಿಕೊಂಡು ಮಿಕ್ಕೆರಡನ್ನು ಚೆಲ್ಲಿ, ಮತ್ತೆ ಜಜ್ಜಿ ಮತ್ತೆ ಹಂಚಿ, ಕಟ್ಟಕಡೆಗೆ ಹಿಟ್ಟಿನಂಥ ಪುಡಿಯ ಒಂದು ಪೊಟ್ಟಣಕ್ಕೆ ಇಳಿಸುತ್ತಾರೆ. ಈ ಕೆಲಸದಲ್ಲಿ ಒಂದು ಸಲಿಕೆ ಕೈ ತಪ್ಪಿದರೆ ಮುಂದೆ ಸಾವಿರದ ಪಾಲಿನವರೆಗೆ ಓದುವ ಥರ್ಮಾಮೀಟರಿನಿಂದ ಪ್ರಯೋಜನವೇನು? ಅಳತೆಯ ತಪ್ಪು ಹುಟ್ಟುವುದು ಬಹುಮಟ್ಟಿಗೆ ಪ್ರಯೋಗಶಾಲೆಯ ಮೇಜಿನ ಮೇಲಲ್ಲ, ರೈಲಿನ ಹಳಿಯ ಪಕ್ಕದಲ್ಲಿ.

ಅಲ್ಲಿಯೂ ನೀರಿನ ಪ್ರಶ್ನೆ ಬೆನ್ನು ಬಿಡುವುದಿಲ್ಲ. ಗಣಿಯವರು ದರ್ಜೆಯನ್ನು ಹೇಳುವುದು 40 ಡಿಗ್ರಿ ಉಷ್ಣತೆ, ಶೇಕಡ 60 ಆರ್ದ್ರತೆಯ ಗಾಳಿಯಲ್ಲಿ ತೇವವನ್ನು ಸಮತೂಕಕ್ಕೆ ತಂದ ಮಾದರಿಯ ಮೇಲೆ. ಸ್ಥಾವರದವರು ಉರಿಸುವುದು ಬಂದಂತೆಯೇ ಬಂದ ಕಲ್ಲಿದ್ದಲನ್ನು. ದಾರಿಯಲ್ಲಿ ಮಳೆ ಬಿದ್ದಿದ್ದರೆ ಮಳೆಯ ನೀರೂ ಅದರ ತೂಕದಲ್ಲಿ ಸೇರಿದೆ. ಇಬ್ಬರೂ ತಮ್ಮ ತಮ್ಮ ಅಂಕೆಗಳನ್ನು ಮುಂದಿಟ್ಟು ವಾದಿಸಿದರೆ ಇಬ್ಬರೂ ಸತ್ಯವನ್ನೇ ನುಡಿದಿರಬಹುದು, ಆದರೂ ಅಂಕೆಗಳು ಕೂಡದಿರಬಹುದು. ಇಂಥ ವಿವಾದಗಳು ಹೆಚ್ಚಿದ್ದರಿಂದಲೇ ಮಾರುವವನೂ ಕೊಳ್ಳುವವನೂ ಅಲ್ಲದ ಮೂರನೆಯವರು ಮಾದರಿ ತೆಗೆಯಬೇಕೆಂಬ ಏರ್ಪಾಡು ಬಂತು. ಧನಬಾದಿನ ಕೇಂದ್ರ ಗಣಿ ಮತ್ತು ಇಂಧನ ಸಂಶೋಧನಾ ಸಂಸ್ಥೆಗೂ ಈ ಕೆಲಸವನ್ನು ಒಪ್ಪಿಸಿದರು. ಪುಡಿಯನ್ನು ಭಾಗ ಮಾಡಿ ಒಂದನ್ನು ಪರೀಕ್ಷೆಗೆ ಇಟ್ಟುಕೊಂಡು, ಒಂದನ್ನು ಗಣಿಯವರಿಗೆ, ಒಂದನ್ನು ಕೊಳ್ಳುವವರಿಗೆ ಕೊಡುತ್ತಾರೆ. ಇನ್ನೊಂದು ಪೊಟ್ಟಣವನ್ನು ಯಾರೂ ಬಿಚ್ಚುವುದಿಲ್ಲ. ಅದಕ್ಕೆ ಮೊಹರು ಹಾಕಿ ಬೀಗದೊಳಗೆ ಇಟ್ಟಿರುತ್ತಾರೆ. ಮೊದಲಿನ ಅಂಕೆಯನ್ನು ಯಾರಾದರೂ ಒಪ್ಪದಿದ್ದರೆ ಬೇರೊಂದು ಪ್ರಯೋಗಶಾಲೆಯ ಬಾಂಬಿನಲ್ಲಿ ಉರಿಯುವುದು ಅದೇ.